ಹಳೆಯ ಕಾರು, ಹೀಟರ್‌ನಲ್ಲಿ ಬಿಸಿ ಇಲ್ಲ: ಡ್ಯಾಶ್‌ಬೋರ್ಡ್ ಬಿಚ್ಚಿಸಬೇಕಾ?

ಪ್ರಶ್ನೆ: ಸಾರ್, ನನ್ನದು 2005ರ ವ್ಯಾಗನ್ ಆರ್, ಪೆಟ್ರೋಲ್. ಊರು ಶಿಡ್ಲಘಟ್ಟದ ಹತ್ತಿರ. ವಾರಕ್ಕೊಮ್ಮೆ ಅಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಬೇಕು, ಬೆಳಗ್ಗೆ ಐದಕ್ಕೇ ಹೊರಡುತ್ತೇವೆ. ಡಿಸೆಂಬರ್ ಚಳಿ ಗೊತ್ತಲ್ಲ, ದೇವನಹಳ್ಳಿ ದಾಟುವವರೆಗೂ ಮಂಜು. ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿದರೂ ಬರುವುದು ಉಗುರುಬೆಚ್ಚಗಿನ ಗಾಳಿ, ಹೈವೇ ಹತ್ತಿದ ಮೇಲೆ ಅದೂ ಇಲ್ಲ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಚೆನ್ನಾಗಿ ಬಿಸಿ ಬರುತ್ತದೆ! ಒಂದು ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ ಬದಲಿಸಬೇಕು ಎಂದರು. ಮಾಡಿಸಲಾ?

ಮೆಕ್ಯಾನಿಕ್: ಬೇಡ, ಸದ್ಯಕ್ಕೆ ಡ್ಯಾಶ್‌ಬೋರ್ಡ್ ಮುಟ್ಟಿಸಬೇಡಿ. ಅದು ಕೊನೆಯ ಕೆಲಸ, ಕೂಲಿಯೇ ಜಾಸ್ತಿ. ಒಮ್ಮೆ ಬಿಚ್ಚಿದ ಹಳೇ ಪ್ಲಾಸ್ಟಿಕ್ ಆಮೇಲೆ ಪ್ರತಿ ಗುಂಡಿಗೂ ಕಟಕಟ ಅನ್ನುತ್ತದೆ.

ಹೀಟರ್‌ಗೆ ಸ್ವಂತ ಬಿಸಿ ಇಲ್ಲ. ಇಂಜಿನ್ ಕಾಯಿಸಿದ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಡ್ಯಾಶ್‌ಬೋರ್ಡ್ ಹಿಂದಿನ 'ಹೀಟರ್ ಕೋರ್' ಎಂಬ ಪುಟ್ಟ ರೇಡಿಯೇಟರ್‌ನಲ್ಲಿ ಓಡಾಡುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ನಿಮ್ಮ ಗಾಡಿ ನಿಂತಾಗ ಬಿಸಿ, ಓಡುವಾಗ ತಣ್ಣಗೆ ಅಂದ್ರೆ ನನ್ನ ಅನುಮಾನ ಥರ್ಮೋಸ್ಟಾಟ್ ಮೇಲೆ. ಕೂಲಂಟನ್ನು ಮುಂದಿನ ದೊಡ್ಡ ರೇಡಿಯೇಟರ್‌ಗೆ ಬಿಡುವ ವಾಲ್ವ್ ಅದು. ಇಂಜಿನ್ ಕಾಯುವವರೆಗೂ ಅದು ಮುಚ್ಚಿರಬೇಕು, ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ 82 ಡಿಗ್ರಿ ಆಸುಪಾಸು ತೆರೆಯಬೇಕು. ತೆರೆದೇ ಸಿಕ್ಕಿಕೊಂಡಿದ್ದರೆ ಮುಂಜಾನೆಯ ಗಾಳಿ ರೇಡಿಯೇಟರ್‌ಗೆ ಹೊಡೆದಂತೆಲ್ಲ ಇಂಜಿನ್ ತಣ್ಣಗಾಗುತ್ತಲೇ ಹೋಗುತ್ತದೆ. ಟ್ರಾಫಿಕ್‌ನಲ್ಲಿ ಆ ಗಾಳಿ ಇಲ್ಲ, ಹಾಗಾಗಿ ಕಾಯುತ್ತದೆ.

ಎರಡು ವಿಷಯ ಹೇಳಿ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಎಲ್ಲಿರುತ್ತದೆ? ಮೈಲೇಜ್ ಬಿದ್ದಿದೆಯಾ?

ಪ್ರಶ್ನೆ ಕೇಳಿದವರು: ಮುಳ್ಳು ಸಿ (ತಣ್ಣಗೆ) ಗುರುತು ಬಿಟ್ಟು ಸ್ವಲ್ಪ ಮೇಲೆ, ಅಷ್ಟೇ. ಮೈಲೇಜೂ ಕಡಿಮೆಯಾಗಿದೆ, ಗಾಡಿ ಹಳೇದಾಯ್ತು ಅಂದುಕೊಂಡಿದ್ದೆ. ಇನ್ನೊಂದು ನೆನಪಾಯಿತು. ಹೋದ ಬೇಸಿಗೆಯಲ್ಲಿ ಗಾಡಿ ಬಿಸಿಯಾಗಿತ್ತು, ಆಗ ಒಬ್ಬರು ಏನೋ ವಾಲ್ವ್ ತೆಗೆದು 'ನಮ್ಮ ಕಡೆ ಬಿಸಿಲಿಗೆ ಇದು ಬೇಕಾಗಿಲ್ಲ' ಎಂದು ಕೈಗೆ ಕೊಟ್ಟಿದ್ದರು.

ಮೆಕ್ಯಾನಿಕ್: ಸಿಕ್ಕಿತಲ್ಲ ಕಳ್ಳ! ಅದೇ ಥರ್ಮೋಸ್ಟಾಟ್. ಕೋಲಾರ, ಚಿಂತಾಮಣಿ, ಗೌರಿಬಿದನೂರು, ಎಲ್ಲ ಕಡೆ ಇದೇ ಕಥೆ. ರೇಡಿಯೇಟರ್ ಕಟ್ಟಿಕೊಂಡಿರುತ್ತದೆ ಅಥವಾ ಫ್ಯಾನ್ ಸರಿಯಾಗಿ ತಿರುಗುತ್ತಿರುವುದಿಲ್ಲ, ಅದನ್ನು ನೋಡುವ ಬದಲು ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ. ಬೇಸಿಗೆ ಹೇಗೋ ಕಳೆಯುತ್ತದೆ. ಆದರೆ ಇಂಜಿನ್ ಸದಾ ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಒಳಗಿನ ಸವೆತವೂ ಜಾಸ್ತಿ. ಹೀಟರ್ ಬರದಿರುವುದು ಅದರಲ್ಲಿ ಚಿಕ್ಕ ನಷ್ಟ.

ಹೊಸದು ಹಾಕಿಸಿ, ಗ್ಯಾಸ್ಕೆಟ್ ಸಮೇತ. ಹಾಕುವ ಮೊದಲು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಬಹುದು. ನಮ್ಮ ಕಡೆ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಅದಕ್ಕೆ ಮುಂಚೆಯೇ ಅದು ಬಾಯಿ ಬಿಡಬೇಕು. ತಣ್ಣೀರಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ ಅಂಗಡಿಗೆ ವಾಪಸ್ ಕೊಡಿ. ಹಾಗೇ, ಹೋದ ಬೇಸಿಗೆಯಲ್ಲಿ ಯಾಕೆ ಬಿಸಿಯಾಯಿತು ಎನ್ನುವುದನ್ನೂ ಈಗಲೇ ನೋಡಿಸಿ. ಇಲ್ಲದಿದ್ದರೆ ಥರ್ಮೋಸ್ಟಾಟ್ ಹಾಕಿದ ಮೇಲೆ ಏಪ್ರಿಲ್‌ನಲ್ಲಿ ಮತ್ತೆ ಮುಳ್ಳು ಮೇಲೇರುತ್ತದೆ, ಬೈಗುಳ ನನಗೆ.

ಇನ್ನೊಬ್ಬರು: ನನ್ನದು ಬೇರೆ ಥರ. ಮುಳ್ಳು ಸರಿಯಾಗಿ ಮಧ್ಯದಲ್ಲೇ ನಿಲ್ಲುತ್ತದೆ. ಆದರೂ ಬಿಸಿ ಕಡಿಮೆ. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬೇರೆ.

ಮೆಕ್ಯಾನಿಕ್: ಗುಳುಗುಳು ಅಂದ್ರೆ ಕೂಲಂಟ್ ಕಡಿಮೆ, ಒಳಗೆ ಗಾಳಿ ಸೇರಿದೆ. ರೇಸ್ ಕೊಟ್ಟಾಗ ಬಿಸಿ, ಐಡ್ಲಿಂಗ್‌ನಲ್ಲಿ ತಣ್ಣಗೆ ಆಗುತ್ತಿದ್ದರೆ ಇನ್ನೂ ಖಾತ್ರಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿ ಇದ್ದಾಗ ಕೈ ಹಾಕಿದರೆ ಮುಖಕ್ಕೇ ಚಿಮ್ಮುತ್ತದೆ, ಇದರಲ್ಲಿ ತಮಾಷೆ ಇಲ್ಲ. ಮುಂದಿನ ಚಕ್ರ ಸ್ವಲ್ಪ ಎತ್ತರದಲ್ಲಿ ನಿಲ್ಲುವಂತೆ ಗಾಡಿ ನಿಲ್ಲಿಸಿ, ಹೀಟರ್ ನಾಬ್ ಪೂರ್ತಿ ಬಿಸಿಗೆ ಇಟ್ಟು, ಕೂಲಂಟ್ ತುಂಬಿ, ಕ್ಯಾಪ್ ತೆರೆದೇ ಐಡ್ಲಿಂಗ್ ಬಿಡಿ. ಗುಳ್ಳೆ ಬರುವುದು ನಿಲ್ಲುವವರೆಗೂ ಸ್ವಲ್ಪ ಸ್ವಲ್ಪ ಸೇರಿಸಿ ಕ್ಯಾಪ್ ಹಾಕಿ. ಮತ್ತೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಎತ್ತಿ ನೋಡಿ. ಒದ್ದೆ, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆಯಂಥ ಮಬ್ಬು ಇದ್ದರೆ ಹೀಟರ್ ಕೋರೇ ತೂತಾಗಿದೆ, ಆಗ ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕು. ನೆಲಕ್ಕೆ ಬಿದ್ದ ಕೂಲಂಟ್ ತೊಳೆದುಬಿಡಿ. ಸಿಹಿ ಅಂತ ನಾಯಿ ನೆಕ್ಕಿದರೆ ಅದಕ್ಕೆ ವಿಷ.

ಇನ್ನೊಬ್ಬರು: ಕೂಲಂಟ್ ಫುಲ್ ಇದೆ, ಸೋರಿಕೆ ಇಲ್ಲ, ಮುಳ್ಳೂ ಸರಿ ಇದೆ ಅಂದ್ರೆ?

ಮೆಕ್ಯಾನಿಕ್: ಆಗ ಬಾನೆಟ್ ಎತ್ತಿ. ಇಂಜಿನ್ ಕಾದಿರಲಿ, ಹೀಟರ್ ಆನ್ ಇರಲಿ. ಇಂಜಿನ್ ಹಿಂದಿನ ಗೋಡೆಯೊಳಕ್ಕೆ ಎರಡು ರಬ್ಬರ್ ಪೈಪ್ ಹೋಗುತ್ತವೆ. ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇಟ್ಟು ಎರಡನ್ನೂ ಮುಟ್ಟಿ ನೋಡಿ. ಎರಡೂ ಸುಡುತ್ತಿದ್ದರೆ ನೀರು ಚೆನ್ನಾಗಿ ಓಡುತ್ತಿದೆ, ತೊಂದರೆ ಗಾಳಿ ಕಡೆ. ನಾಬ್‌ನ ಕೇಬಲ್ ಜಾರಿರಬಹುದು, ಒಳಗಿನ ಫ್ಲಾಪ್ ಪೂರ್ತಿ ತಿರುಗುತ್ತಿರಲಿಕ್ಕಿಲ್ಲ. ಕೇಬಲ್ ಕ್ಲಿಪ್ ಸರಿಮಾಡಿದರೆ ಎಷ್ಟೋ ಗಾಡಿ ಅಲ್ಲೇ ಸರಿಹೋಗುತ್ತವೆ. ಒಂದು ಪೈಪ್ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ನೀರಿನ ವಾಲ್ವ್ ಇರುವ ಗಾಡಿಯಾದರೆ ಅದು ತೆರೆಯುತ್ತಿಲ್ಲ. ಎರಡು ಪೈಪನ್ನೂ ಸೇರಿಸಿ ಒಂದೇ ಮಾಡಿಬಿಟ್ಟಿರುವ ಗಾಡಿಗಳೂ ಬರುತ್ತವೆ! ಯಾವುದೋ ಕಾಲದಲ್ಲಿ ಕೋರ್ ಸೋರಿದಾಗ ಬೈಪಾಸ್ ಮಾಡಿ, ಮಾರುವಾಗ ಹೇಳಿರುವುದಿಲ್ಲ.

ಕೋರ್ ಕಟ್ಟುವುದಕ್ಕೆ ಕಾರಣ ಕೂಲಂಟ್ ಬದಲು ತುಂಬುವ ನಮ್ಮ ಬೋರ್‌ವೆಲ್ ನೀರು. ಅದನ್ನೇ ಕಾಯಿಸುವ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುವುದನ್ನು ನೋಡಿದ್ದೀರಲ್ವಾ, ಇಲ್ಲಿ ಕೋರ್ ಒಳಗಿನ ಸಣ್ಣ ನಾಳದಲ್ಲಿ ಅದೇ ಕೂರುತ್ತದೆ, ಜೊತೆಗೆ ತುಕ್ಕು. ಇಂಜಿನ್ ತಣ್ಣಗಾದ ಮೇಲೆ ಎರಡೂ ಪೈಪ್ ಬಿಚ್ಚಿ, ನೀರು ಹೊರಬರುವ ಕಡೆಯಿಂದ ಉಲ್ಟಾ ತೋಟದ ಪೈಪಿನ ನಿಧಾನ ನೀರು ಬಿಡಿ. ಮೊದಲು ಕಂದು ಕೆಸರು ಬರುತ್ತದೆ, ತಿಳಿ ನೀರು ಬರುವವರೆಗೂ ಬಿಡುತ್ತಲೇ ಇರಿ. ಕಂಪ್ರೆಸರ್ ಗಾಳಿ ಮಾತ್ರ ಹೊಡೆಸಬೇಡಿ, ಹಳೇ ಕೋರ್ ಒಡೆದೇ ಹೋಗುತ್ತದೆ. ಆಮೇಲೆ ತುಂಬಲು ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್, ಅರ್ಧರ್ಧ. ರೆಡಿ ಮಿಕ್ಸ್ ತಂದರೆ ನೀರು ಸೇರಿಸುವ ಹಾಗಿಲ್ಲ.

ಪ್ರಶ್ನೆ ಕೇಳಿದವರು: ಸಾರ್, ಥರ್ಮೋಸ್ಟಾಟ್ ಹಾಕಿಸಿದೆ. ಮುಳ್ಳು ಈಗ ಮಧ್ಯಕ್ಕೆ ಬಂದು ನಿಂತಿದೆ, ಹೈವೇಯಲ್ಲೂ ಬಿಸಿ ಇದೆ. ಹೋದ ಬೇಸಿಗೆಯ ಕಾರಣವೂ ಸಿಕ್ಕಿತು, ರೇಡಿಯೇಟರ್ ಫ್ಯಾನ್ ಸ್ವಿಚ್ ಕೆಟ್ಟಿತ್ತು. ಒಂದೇ ತಕರಾರು, ಮುಂದಿನ ಗಾಜು ಒಳಗಿಂದ ಮಂಜು ಕಟ್ಟುತ್ತದೆ.

ಮೆಕ್ಯಾನಿಕ್: ಗಾಳಿ ಒಳಗೇ ಸುತ್ತುವ ರೀಸರ್ಕ್ಯುಲೇಶನ್‌ನಲ್ಲಿ ಇಟ್ಟಿರುತ್ತೀರಿ. ಹೊರಗಿನ ಗಾಳಿಗೆ ತಿರುಗಿಸಿ, ಗಾಜಿನ ಕಡೆಗೆ ಬಿಡಿ, ಹೀಟರ್ ಜೊತೆಗೇ ಎಸಿ ಹಾಕಿ. ಎಸಿ ತೇವ ಎಳೆದುಕೊಳ್ಳುತ್ತದೆ, ಗಾಜು ಬೇಗ ತಿಳಿಯಾಗುತ್ತದೆ.