ಸಹಾಯ ಬೇಕು: ಮಳೆ ಶುರುವಾದ ಮೇಲೆ ಗ್ಯಾಸ್ ಸೆನ್ಸರ್ ರೀಡಿಂಗ್ ಒಂದೇ ಕಡೆ ನಿಲ್ಲುತ್ತಿಲ್ಲ

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಗ್ಯಾಸ್ ಸೆನ್ಸರ್ ಮಾಡಲು ಗಾಜಿನ ಮೇಲೆ ಜಿಂಕ್ ಆಕ್ಸೈಡ್ ನ್ಯಾನೋ ಕಡ್ಡಿ ಬೆಳೆಸಿದ್ದೇನೆ. ಜಿಂಕ್ ನೈಟ್ರೇಟ್, ಹೆಕ್ಸಮೀನ್, 90 ಡಿಗ್ರಿ ನೀರು, ಅಷ್ಟೇ. 300 ಡಿಗ್ರಿಯಲ್ಲಿ ಎಥನಾಲ್ ಆವಿ ಬಿಟ್ಟರೆ ರೆಸಿಸ್ಟೆನ್ಸ್ ಚೆನ್ನಾಗಿ ಇಳಿಯುತ್ತದೆ. ಮೇಲ್ಮೈಯ ಆಕ್ಸಿಜನ್ ಹಿಡಿದಿಟ್ಟ ಎಲೆಕ್ಟ್ರಾನ್ ವಾಪಸ್ ಬರುತ್ತದಲ್ವಾ, ಅದಕ್ಕೆ.

ತೊಂದರೆ ತೇವದ್ದು. ಮಂಗಳೂರಿನ ಮಳೆ ಶುರುವಾದ ಮೇಲೆ ಬೇಸ್‌ಲೈನ್ (ಎಥನಾಲ್ ಇಲ್ಲದಾಗಿನ ರೀಡಿಂಗ್) ಜಾರುತ್ತಲೇ ಇದೆ. ಎಥನಾಲ್ ತೆಗೆದರೂ ರೀಡಿಂಗ್ ಮೊದಲಿನ ಜಾಗಕ್ಕೆ ಬರುವುದಿಲ್ಲ. ಸಿಲಿಕಾ ಜೆಲ್ ಇಟ್ಟರೆ ಸರಿಹೋಗುತ್ತದೆ, ಆದರೆ ಒಣ ಗಾಳಿಯಲ್ಲಿ ಮಾತ್ರ ಕೆಲಸ ಮಾಡುವ ಸೆನ್ಸರ್ ಈ ಊರಲ್ಲಿ ಯಾರಿಗೆ ಬೇಕು?

ಚೇಂಬರ್‌ನಲ್ಲಿ ಅಡುಗೆ ಉಪ್ಪಿನ ಸ್ಯಾಚುರೇಟೆಡ್ ದ್ರಾವಣ ಇಟ್ಟು, ತೇವವನ್ನು 75% ಹತ್ತಿರ ನಿಲ್ಲಿಸಿಯೇ ಅಳೆಯೋಣ ಅಂತಿದ್ದೇನೆ. ಹೀಗೆ ಮಾಡಿದವರು ಇದ್ದೀರಾ? ಕಡ್ಡಿಗಳಿಗೆ ಪಲ್ಲಾಡಿಯಂ ಲೋಹ ಸೇರಿಸಿದರೆ ತೇವದ ಕಾಟ ನಿಜಕ್ಕೂ ತಗ್ಗುತ್ತದಾ? ಸುಮ್ನೆ ಪೇಪರ್ ಲಿಂಕ್ ಬೇಡ, ಕೈಯಾರೆ ಮಾಡಿದವರು ಹೇಳಿ.