ಸಹಾಯ ಬೇಕು: ಅಪ್ಪನ ಪಿತ್ತನಾಳದ ಕ್ಯಾನ್ಸರ್, ಆಪರೇಷನ್ ನಂತರದ ರಿಪೋರ್ಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 63 ವರ್ಷ. ಕಣ್ಣು ಹಳದಿಯಾಗಿ ಮೈಯೆಲ್ಲ ತುರಿಕೆ ಶುರುವಾದಾಗ ಬರೀ ಕಾಮಾಲೆ ಇರಬೇಕು ಅಂತಲೇ ಎಲ್ಲರೂ ಹೇಳಿದರು, ಸ್ಕ್ಯಾನ್ ಮಾಡಿಸಿದರೆ ಪಿತ್ತನಾಳದ ಕೆಳಭಾಗದಲ್ಲಿ ಗಡ್ಡೆ. ವಿಪ್ಪಲ್ ಆಪರೇಷನ್ (ಪಿತ್ತನಾಳದ ಕೆಳಭಾಗ, ಮೇದೋಜೀರಕ ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ ಒಟ್ಟಿಗೆ ತೆಗೆಯುವ ದೊಡ್ಡ ಆಪರೇಷನ್) ಆಗಿದೆ. ಈಗ ಗಂಜಿ, ಮೆತ್ತಗಿನ ಅನ್ನ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಾರೆ.

ತೆಗೆದ ಭಾಗವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಪೆಥಾಲಜಿ ರಿಪೋರ್ಟ್ ಬಂತು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಆರ್0 ಅಂತ ಇದೆ. ಅದೇ ದೊಡ್ಡ ಧೈರ್ಯ. ಆದರೆ ತೆಗೆದ 14 ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) 2ರಲ್ಲಿ ಕ್ಯಾನ್ಸರ್ ಸಿಕ್ಕಿದೆ, ನರದ ಸುತ್ತಲೂ ಹಬ್ಬಿದೆ. ಅಂಚು, ಗ್ರಂಥಿ, ಗಡ್ಡೆಯ ಗ್ರೇಡ್ (ಅದರ ಜೀವಕೋಶಗಳು ಮಾಮೂಲಿಗಿಂತ ಎಷ್ಟು ಬದಲಾಗಿವೆ ಅನ್ನೋದು), ಇವನ್ನೆಲ್ಲ ಒಟ್ಟಿಗೆ ನೋಡಿಯೇ ಮುಂದೆ ಹೇಗೆ ಅಂತ ಅಂದಾಜು ಮಾಡಬೇಕು, ಅದರಲ್ಲೂ ಗ್ರಂಥಿಗೆ ತೂಕ ಜಾಸ್ತಿ ಅಂದರು ಡಾಕ್ಟರು. ಸಿಎ 19-9 (ರಕ್ತದಲ್ಲಿ ನೋಡುವ ಕ್ಯಾನ್ಸರ್ ಸೂಚಕ) ಮೊದಲು ತುಂಬಾ ಏರಿತ್ತು, ಆದರೆ ಪಿತ್ತ ಕಟ್ಟಿಕೊಂಡಾಗ ಕ್ಯಾನ್ಸರ್ ಇಲ್ಲದವರಿಗೂ ಅದು ಏರುತ್ತದಂತೆ, ಹಾಗಾಗಿ ಕಾಮಾಲೆ ಇಳಿದ ಮೇಲಿನ ಅಂಕಿಯನ್ನೇ ನಂಬಬೇಕು ಅಲ್ವಾ?

6 ತಿಂಗಳು ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಬರೆದಿದ್ದಾರೆ. ಆಪರೇಷನ್ ನಂತರ ಈ ಮಾತ್ರೆ ಕೊಟ್ಟು ನೋಡಿದ ಬ್ರಿಟನ್ನಿನ ಬಿಲ್‌ಕ್ಯಾಪ್ ಅಧ್ಯಯನ 2019ರಲ್ಲಿ ಪ್ರಕಟವಾದ ಮೇಲೆ ಇದನ್ನೇ ಹೆಚ್ಚಾಗಿ ಕೊಡುತ್ತಾರೆ.

ಗ್ರಂಥಿಗೆ ಹಬ್ಬಿದ್ದೂ ಆಪರೇಷನ್ ಆಗಿ ಚೆನ್ನಾಗಿರುವವರು, ಅವರ ಮನೆಯವರು ಯಾರಾದರೂ ಇದ್ದೀರಾ? ಮಾತ್ರೆಯಿಂದ ಅಂಗೈ ಅಂಗಾಲು ಕೆಂಪಾಗಿ ಸುಲಿದಾಗ ಏನು ಮಾಡಿದಿರಿ, ಡೋಸ್ ಇಳಿಸಿದರಾ? ಜೊತೆಗೆ ರೇಡಿಯೇಷನ್ ಬೇಕಾ ಅಂತ ಕೇಳಬೇಕಾ? ಈ ವಿಷಯ ಗೊತ್ತಿರುವ ಡಾಕ್ಟರುಗಳಿದ್ದರೆ ದಯವಿಟ್ಟು ಹೇಳಿ. ಸುಮ್ನೆ ಸಮಾಧಾನದ ಮಾತು ಬೇಡ, ಇದ್ದದ್ದು ಇದ್ದ ಹಾಗೆ ತಿಳಿಸಿ.