ಸಹಾಯ ಬೇಕು: ಕಾರ್ ಶೆಡ್ಡಿನ ಮರಗೆಲಸದ ಮೇಜಿಗೆ ಟ್ಯೂಬ್‌ಲೈಟ್ ಎಲ್ಲಿ ಹಾಕಿಸಲಿ?

ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯ ಕಾರ್ ಶೆಡ್ 20 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರವಿದೆ. ಹಿಂದಿನ ಗೋಡೆಗೆ ಒತ್ತಿಕೊಂಡು ತಂದೆಯವರ ಮರಗೆಲಸದ ಮೇಜಿದೆ. ಅವರಿಗೆ 68 ವರ್ಷ. ನಿವೃತ್ತಿಯ ನಂತರ ಕೈಗೆ ಹತ್ತಿದ ಈ ಕೆಲಸವೆಂದರೆ ಅವರಿಗೆ ಪ್ರಾಣ.

ಶೆಡ್ಡಿನ ನಡುವೆ 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್‌ಗಳಿವೆ. ಕಾರು ನಿಲ್ಲಿಸಲು ಅಷ್ಟು ಧಾರಾಳ. ಆದರೆ ಮೇಜಿನ ಮುಂದೆ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು, ಅವರ ತಲೆಯ ನೆರಳು ಹಲಗೆಯ ಮೇಲೆಯೇ ಬೀಳುತ್ತದೆ. ಮೊನ್ನೆ ಸಾಗುವಾನಿ ಹಲಗೆಯ ಮೇಲೆ ಎಳೆದಿದ್ದ ಪೆನ್ಸಿಲ್ ಗೆರೆ ಕಾಣದೆ ಗರಗಸ ಎರಡು ನೂಲು (ಸುಮಾರು ಕಾಲು ಇಂಚು) ಆಚೆ ಸರಿಯಿತು. ಅವರು ಏನೂ ಹೇಳಲಿಲ್ಲ, ಹಲಗೆಯನ್ನು ಸುಮ್ಮನೆ ಗೋಡೆಗೆ ಒರಗಿಸಿಟ್ಟರು. ನನಗೆ ಸಂಕಟವಾಯಿತು.

40 ವ್ಯಾಟ್‌ನ ಟ್ಯೂಬ್ ಹಾಕಿ ನೋಡಿದೆ, ನೆರಳು ಇನ್ನಷ್ಟು ಕಡುವಾಯಿತು. ಮೇಜಿನ ಅಂಚಿಗೆ ಸಿಕ್ಕಿಸುವ ದೀಪ ತಂದರೆ ಅದು ಕಣ್ಣಿಗೆ ಕುಕ್ಕುತ್ತದೆ. ಮೇಜಿನ ಹಿಂದಿನ ಗೋಡೆಗೇ ಟ್ಯೂಬ್ ಹಾಕಿಸಿ ಎಂದು ಎಲೆಕ್ಟ್ರೀಷಿಯನ್ ಹೇಳುತ್ತಾರೆ. ಮೇಜಿನ ಮುಂದಿನ ಅಂಚಿನ ನೇರಕ್ಕೆ ತಾರಸಿಯಿಂದ ಇಳಿಬಿಡಿಸಿ ಎಂಬುದು ಪರಿಚಯದ ಬಡಗಿಯ ಮಾತು. ಇಲ್ಲಿಯೇ ನಾನು ಸಿಕ್ಕಿಕೊಂಡಿದ್ದೇನೆ.

ಜೊತೆಗೆ, ಮುಂದಿನ ತಿಂಗಳು ಚಿಕ್ಕ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಬರುತ್ತಿದೆ. ದೀಪ ಮಿನುಗುತ್ತಿದ್ದರೆ ತಿರುಗುವ ಮರ ನಿಂತಂತೆ ಕಾಣಬಹುದಂತೆ, ಅದೇ ನನ್ನ ದೊಡ್ಡ ಭಯ.

ಇಂಥ ಮೇಜಿನಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ: ನೆರಳು ಬೀಳದಿರಲು ಟ್ಯೂಬನ್ನು ಗೋಡೆಗೆ ಹಾಕಿಸಲೇ, ಮುಂದಿನ ಅಂಚಿನ ಮೇಲೆ ಇಳಿಬಿಡಿಸಲೇ? ಮೇಜಿನಿಂದ ಎಷ್ಟು ಅಡಿ ಎತ್ತರದಲ್ಲಿರಬೇಕು? ಮಿನುಗದ ಟ್ಯೂಬನ್ನು ಅಂಗಡಿಯಲ್ಲಿಯೇ ಗುರುತಿಸುವುದು ಹೇಗೆ?